ಮರದ ಜಗಲಿಗೆ ಸ್ಟೇನ್ ಕುಡಿಸುವ ಕ್ರಮ

ನಮ್ಮದು ಅಬ್ಬಿಗೆರೆ. ಬೆಂಗಳೂರಿನ ಉತ್ತರಕ್ಕೆ, ಜಾಲಹಳ್ಳಿ ದಾಟಿದರೆ ಸಿಗುವ ಊರು. ಈಗ ಸುತ್ತಲೂ ಕಾರ್ಖಾನೆ ಶೆಡ್ಡು, ಬಡಾವಣೆ. ನಡುವೆ ನನಗೆ ಉಳಿದಿರುವುದು ಒಂದು ಎಕರೆ ಚಿಲ್ಲರೆ ಮಳೆಯಾಶ್ರಯದ ಹೊಲ. ರಾಗಿ ಬಿತ್ತುತ್ತೇನೆ, ಅಕ್ಕಡಿ ಸಾಲಿಗೆ ಅವರೆ, ಹುಚ್ಚೆಳ್ಳು. ಬಣ್ಣ ಬಳಿಯುವುದು ನನ್ನ ಕಸುಬಲ್ಲ. ಆದರೂ ಈ ವಿಷಯ ಬರೆಯಲು ಕಾರಣವಿದೆ. ಹಳೇ ಮನೆ ಕೆಡವಿದ ಮರ ಎಷ್ಟೋ ರೈತರ ಕೊಟ್ಟಿಗೆಯಲ್ಲಿ ಬಿದ್ದಿದೆ. ಅದನ್ನು ಜಗಲಿ, ಮಂಚ, ಬಾಗಿಲು ಮಾಡಿಕೊಳ್ಳುವವರು ಹೆಚ್ಚುತ್ತಿದ್ದಾರೆ. ಅದರ ಮೇಲೆ ಏನು ಹಚ್ಚಬೇಕು, ಎಷ್ಟು ತೆಳು ಮಾಡಬೇಕು ಅಂತ ಗೊತ್ತಿಲ್ಲದೆ ನಾನು ಒಂದು ಸಲ ಪೂರ್ತಿ ಕೆಡಿಸಿಕೊಂಡೆ. ನಮ್ಮವ್ವನ ಕೈ ಮುರಿಯಿತು. ನೀವು ಹಾಗೆ ಮಾಡಿಕೊಳ್ಳಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ಕೆಟ್ಟದ್ದು ಹೇಗೆ

ನಮ್ಮಪ್ಪ ಕಟ್ಟಿಸಿದ್ದ ಹೆಂಚಿನ ಮನೆ ಗೋಡೆ ಬಿರುಕು ಬಿಟ್ಟು ಕೆಡವಬೇಕಾಯ್ತು. ಅಟ್ಟದ ಹಲಗೆಗಳು ಮಾತ್ರ ಗಟ್ಟಿ ಇದ್ದವು. ಹಲಸು, ಮತ್ತಿ, ಎರಡೂ ಒಳ್ಳೇ ಚೇಗು. ಮಗ, 'ಮಾರಿಬಿಡಿ, ಗ್ರಾನೈಟ್ ಹಾಕ್ಸೋಣ' ಅಂದ. ನನಗೆ ಮನಸ್ಸು ಬರಲಿಲ್ಲ. ಹೊಸ ಮನೆ ಮುಂದೆ 12 ಅಡಿ ಉದ್ದ, 8 ಅಡಿ ಅಗಲದ ಹಲಗೆ ಜಗಲಿ ಮಾಡಿಸಿದೆ. ಮೇಲೆ ಸೂರಿಲ್ಲ, ಬಯಲು. ಬೆಳಗ್ಗೆ ಅವ್ವ ಕೂತು ಅವರೆಕಾಯಿ ಸುಲಿಯೋಕೆ, ಸಂಜೆ ನಾಲ್ಕು ಜನ ಕೂರೋಕೆ. ಹಲಗೆ ಸ್ವಲ್ಪ ಕಡಿಮೆ ಬಂತು. ಆ ಜಾಗಕ್ಕೆ ಪಕ್ಕದ ಶೆಡ್ಡಿನಿಂದ ಪ್ಯಾಕಿಂಗ್ ಪೆಟ್ಟಿಗೆಯ ಪೈನ್ ಹಲಗೆ ತಂದು ಸೇರಿಸಿದೆವು.

2022ರ ಏಪ್ರಿಲ್‌ನಲ್ಲಿ ಅಂಗಡಿಯಿಂದ ಒಂದು ಡಬ್ಬಿ ಎಣ್ಣೆ ಸ್ಟೇನ್ ತಂದೆ. ಡಬ್ಬಿ ಮೇಲಿನ ಬರಹ ಇಂಗ್ಲಿಷು, ಓದುವ ಗೋಜಿಗೆ ಹೋಗಲಿಲ್ಲ. ಕಿಟಕಿಗೆ ಪೇಂಟ್ ಹೊಡೆದು ಅಭ್ಯಾಸವಿದ್ದ ಕೈ. ಹಾಗೇ ದಪ್ಪಗೆ ಬಳಿದೆ. ಮಾರನೇ ದಿನ ಎರಡನೇ ಸಲ, ಅದರ ಮಾರನೇ ದಿನ ಮೂರನೇ ಸಲ. ಕನ್ನಡಿ ಹಾಗೆ ಹೊಳೆಯಿತು. ನೋಡಿದವರೆಲ್ಲ ಚೆನ್ನಾಗಿದೆ ಅಂದರು.

ಒಂದು ವಾರ ಆದರೂ ಒಣಗಲಿಲ್ಲ. ಕಾಲಿಟ್ಟರೆ ಅಂಟು. ಅವರೆ ಸಿಪ್ಪೆ, ರಾಗಿ ಹೊಟ್ಟು, ಕೋಳಿ ಪುಕ್ಕ ಎಲ್ಲ ಹಿಡಿದುಕೊಂಡವು. ಅಂಟು ಬಿಡಲಿ ಅಂತ ಮನೆಯಲ್ಲಿ ಉಳಿದಿದ್ದ ಸೀಮೆಎಣ್ಣೆ ಸವರಿದೆ. ಇನ್ನೂ ಗಬ್ಬೆದ್ದಿತು. ಮೇ ತಿಂಗಳ ಮಳೆ ಹಿಡಿಯಿತು. ಆ ವರ್ಷ ಬೆಂಗಳೂರಿನಲ್ಲಿ ಮೇ ಮಳೆ ಜೋರು. ಮೇಲ್ಪದರ ಅಂಟು ಬಿಟ್ಟು ಜಾರುವ ಹಾಗಾಯ್ತು. ಒಂದು ಬೆಳಗ್ಗೆ ಅವ್ವ ಕಾಲಿಟ್ಟವಳು ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡಳು. ಆರು ವಾರ ಪಟ್ಟಿ. ಆಸ್ಪತ್ರೆಯಿಂದ ಬರುವಾಗ ಮಗ ಏನೂ ಹೇಳಲಿಲ್ಲ. ಬೈದಿದ್ದರೆ ಮೇಲಾಗಿತ್ತು.

ನನ್ನ ತಮ್ಮನ ಮಗ ಅಮೆರಿಕದ ನ್ಯೂಜೆರ್ಸಿಯಲ್ಲಿದ್ದಾನೆ. ಅಲ್ಲಿ ಮನೆ ಹಿಂದೆ ಇಂಥದೇ ಮರದ ಜಗಲಿ ಇರುತ್ತೆ, ಡೆಕ್ ಅಂತಾರೆ. ಅಜ್ಜಿ ಯೋಗಕ್ಷೇಮ ಕೇಳಲು ಫೋನ್ ಮಾಡಿದವನು ವಿಷಯ ಕೇಳಿ, 'ದೊಡ್ಡಪ್ಪಾ, ಹಚ್ಚಿ ಎಷ್ಟು ಹೊತ್ತಿಗೆ ಒರೆಸಿದ್ರಿ?' ಅಂದ.

'ಒರೆಸೋದಾ? ಹಚ್ಚಿದ್ದನ್ನ ಯಾಕಪ್ಪ ಒರೆಸ್ತಾರೆ?' ಅಂದೆ.

ನನ್ನ ತಪ್ಪೆಲ್ಲ ಅಲ್ಲೇ ಇತ್ತು.

ಪೇಂಟಿಗೂ ಸ್ಟೇನಿಗೂ ವ್ಯತ್ಯಾಸ

ಪೇಂಟು, ವಾರ್ನಿಷು ಮರದ ಮೇಲೆ ಚರ್ಮದ ಹಾಗೆ ಕೂರುತ್ತವೆ. ಎಣ್ಣೆ ಸ್ಟೇನ್ ಮರದ ರಂಧ್ರಗಳ ಒಳಕ್ಕೆ ಇಳಿಯಬೇಕು. ಮರ ಎಷ್ಟು ಕುಡಿಯುತ್ತೋ ಅಷ್ಟೇ ಕೆಲಸಕ್ಕೆ ಬರುವುದು. ಮೇಲೆ ನಿಂತದ್ದು ಸರಿಯಾಗಿ ಒಣಗಲ್ಲ, ಅಂಟಾಗುತ್ತೆ, ಇಲ್ಲ ಹಪ್ಪಳದ ಹಾಗೆ ಏಳುತ್ತೆ. ರಾಗಿ ಹೊಲಕ್ಕೆ ಹದವಾದ ಮಳೆ ಬಿದ್ದರೆ ನೀರು ಒಳಕ್ಕೆ ಇಳಿಯುತ್ತೆ. ಒಂದೇ ಸಲ ಸುರಿದರೆ ಮೇಲೆ ನಿಂತು ಹೆಪ್ಪುಗಟ್ಟಿ ಪೈರಿಗೇ ಕೇಡು. ಹಾಗೇ ಇದು.

ಬಯಲಲ್ಲಿ ಓಡಾಡುವ ಹಲಗೆಗೆ ವಾರ್ನಿಷಿಗಿಂತ ಸ್ಟೇನ್ ಯಾಕೆ ಒಳ್ಳೆಯದು? ಮರ ಮಳೆಗೆ ಹಿಗ್ಗುತ್ತೆ, ಬಿಸಿಲಿಗೆ ಕುಗ್ಗುತ್ತೆ. ಮೇಲಿನ ಗಟ್ಟಿ ಪದರ ಬಿರಿಯುತ್ತೆ, ಬಿರುಕಿನಲ್ಲಿ ನೀರು ಹೋಗಿ ಒಳಗೇ ಉಳಿದು ಮರ ಕೊಳೆಯುತ್ತೆ. ಸ್ಟೇನಿಗೆ ಪದರವೇ ಇಲ್ಲ, ಏಳುವ ಮಾತಿಲ್ಲ. ಬಣ್ಣ ಮಾಸಿದಾಗ ತೊಳೆದು ಇನ್ನೊಂದು ಕೈ ಹಚ್ಚಿದರೆ ಆಯ್ತು. ಮರದ ಎಳೆ ಹಾಗೇ ಉಳಿಯುವುದರಿಂದ ಕಾಲಿಗೆ ಹಿಡಿತವೂ ಇರುತ್ತೆ.

ಇನ್ನೊಂದು ಮಾತು. ಬಣ್ಣವಿಲ್ಲದ ಬರೀ ಎಣ್ಣೆ ಬಿಸಿಲು ತಡೆಯಲ್ಲ. ಮರದ ನಾರನ್ನು ಹಿಡಿದಿಡುವ ಅಂಟನ್ನು, ಅದಕ್ಕೆ ಲಿಗ್ನಿನ್ ಅಂತಾರೆ, ಬಿಸಿಲಿನ ನೇರಳಾತೀತ ಕಿರಣ ಸುಡುತ್ತೆ. ಅದಕ್ಕೇ ಬಯಲಲ್ಲಿ ಬಿದ್ದ ಮರ ಬೂದಿ ಬಣ್ಣಕ್ಕೆ ತಿರುಗೋದು. ಎಣ್ಣೆಯಲ್ಲಿ ಮಣ್ಣುಬಣ್ಣದ ಪುಡಿ ಇದ್ದರೆ ಅದು ಕೊಡೆಯ ಹಾಗೆ ಅಡ್ಡ ನಿಲ್ಲುತ್ತೆ.

ಎಲ್ಲ ಎಣ್ಣೆಯೂ ಒಣಗಲ್ಲ

'ಮನೆಯಲ್ಲೇ ಹೊಂಗೆ ಎಣ್ಣೆ ಇದೆಯಲ್ಲ, ಅದನ್ನೇ ಹಚ್ಚಬಾರದಾ?' ಅಂತ ಹಲವರು ಕೇಳ್ತಾರೆ. ಹೊಂಗೆ, ಹರಳು, ಕಡಲೆಕಾಯಿ ಎಣ್ಣೆ ಗಾಳಿಗೆ ಗಟ್ಟಿಯಾಗಲ್ಲ. ಹರಳೆಣ್ಣೆಯಿಂದ ಗಾಡಿಗೆ ಕೀಲೆಣ್ಣೆ ಮಾಡುತ್ತಿದ್ದದ್ದೇ ಅದು ಒಣಗಲ್ಲ ಅನ್ನೋ ಕಾರಣಕ್ಕೆ. ಕೂರುವ ಜಾಗಕ್ಕೆ ಹಚ್ಚಿದರೆ ಬಟ್ಟೆಗೆ ಜಿಡ್ಡು, ಮೇಲೆ ಧೂಳು.

ಒಣಗುವ ಎಣ್ಣೆಯಲ್ಲಿ ನಮಗೆ ಸುಲಭವಾಗಿ ಸಿಗುವುದು ಅಗಸೆ ಎಣ್ಣೆ. ಅದು ನೀರಿನ ಹಾಗೆ ಆರಿ ಒಣಗುವುದಲ್ಲ. ಗಾಳಿಯಲ್ಲಿರುವ ಆಮ್ಲಜನಕ ಹೀರಿಕೊಂಡು ಗಟ್ಟಿಯಾಗುತ್ತೆ. ಹಸಿ ಅಗಸೆ ಎಣ್ಣೆಗೆ ಎಷ್ಟೋ ದಿನ ಬೇಕು. ಬಣ್ಣದ ಅಂಗಡಿಯಲ್ಲಿ 'ಡಬಲ್ ಬಾಯಿಲ್ಡ್' ಅಂತ ಕೇಳಿ ತೆಗೆದುಕೊಳ್ಳಿ. ಅದರಲ್ಲಿ ಬೇಗ ಒಣಗಿಸುವ ಲೋಹದ ಲವಣ ಬೆರೆಸಿರುತ್ತಾರೆ. ತೆಳ್ಳಗೆ ಹಚ್ಚಿದರೆ ಒಂದೆರಡು ದಿನದಲ್ಲಿ ಕೈಗೆ ಅಂಟಲ್ಲ. ಇದು ತಿನ್ನುವ ಎಣ್ಣೆಯಲ್ಲ, ಅಡಿಗೆಮನೆಯಿಂದ ದೂರವಿಡಿ. ನಾವು ಬೆಳೆಯುವ ಹುಚ್ಚೆಳ್ಳಿನ ಎಣ್ಣೆಯೂ ಒಣಗುತ್ತೆ, ಆದರೆ ತೀರಾ ನಿಧಾನ. ಗುದ್ದಲಿ ಕಾವಿಗೆ ಸವರಬಹುದು, ಜಗಲಿಗೆ ಬೇಡ.

ಕರಾವಳಿ ಕಡೆ ಗೇರುಬೀಜದ ಸಿಪ್ಪೆ ಎಣ್ಣೆಯನ್ನು ದೋಣಿಗೆ, ಮರಮುಟ್ಟಿಗೆ ಹಚ್ಚುತ್ತಾರೆ. ಮರಕ್ಕೆ ಒಳ್ಳೆಯದೇ. ಆದರೆ ಹಸಿಯಾಗಿರುವಾಗ ಚರ್ಮಕ್ಕೆ ತಗುಲಿದರೆ ಸುಟ್ಟ ಹಾಗೆ ಬೊಕ್ಕೆ ಏಳುತ್ತೆ. ಬರಿಗಾಲಲ್ಲಿ ಓಡಾಡುವ, ಕೂರುವ ಜಾಗಕ್ಕೆ ಅಂತ ನಾನು ಅದನ್ನು ಮುಟ್ಟಲಿಲ್ಲ.

ಮರದ ತಯಾರಿ

ಹಚ್ಚುವುದಕ್ಕಿಂತ ತಯಾರಿಗೇ ಹೆಚ್ಚು ದಿನ ಹಿಡಿಯುತ್ತೆ. ನನಗೆ ಹಳೇ ಅಂಟು ತೆಗೆಯಲಿಕ್ಕೇ ಒಂದು ವಾರ ಹೋಯ್ತು. ಟರ್ಪೆಂಟೈನ್‌ನಲ್ಲಿ ಅದ್ದಿದ ಬಟ್ಟೆ ಹಾಸಿ ನೆನೆಸಿ, ಮೆತ್ತಗಾದ ಮೇಲೆ ತಗಡಿನಿಂದ ಕೆರೆದು, ಮತ್ತೆ ಒರೆಸಿ, ಆಮೇಲೆ ಉಜ್ಜಿದೆ. ನೀವು ಹೊಸದಾಗಿ ಶುರು ಮಾಡುವುದಾದರೆ ಈ ಕೆಲಸ ಇಲ್ಲ.

ಮೊದಲನೆಯದು, ಮರ ಒಣಗಿರಬೇಕು. ಹಸಿ ಮರದ ರಂಧ್ರದಲ್ಲಿ ನೀರಿದ್ದರೆ ಎಣ್ಣೆಗೆ ಜಾಗವೆಲ್ಲಿ? ಯಂತ್ರ ಬೇಕಿಲ್ಲ, ತಕ್ಕಡಿ ಸಾಕು. ಅದೇ ಮರದ ಒಂದು ತುಂಡನ್ನು ಜೊತೆಗೇ ಇಟ್ಟು ವಾರಕ್ಕೊಮ್ಮೆ ತೂಗಿ ಬರೆದಿಡಿ. ಎರಡು ಮೂರು ವಾರ ತೂಕ ಒಂದೇ ನಿಂತರೆ ಗಾಳಿಗೆ ಒಣಗುವಷ್ಟು ಒಣಗಿದೆ ಅಂತ ಲೆಕ್ಕ. ಮನೆಯೊಳಗೆ ಇದ್ದ ಹಳೇ ಹಲಗೆಗೆ ಈ ತಾಪತ್ರಯ ಇಲ್ಲ.

ಎರಡನೆಯದು, ಉಜ್ಜುವುದು. ಇಲ್ಲೂ ನಾನು ತಪ್ಪಿದ್ದೆ. ನುಣ್ಣಗಾದಷ್ಟೂ ಒಳ್ಳೆಯದು ಅಂತ ತಿಳಿದು 220 ನಂಬರಿನ ಸ್ಯಾಂಡ್ ಪೇಪರ್ ಹಾಕಿ ಗಾಜಿನ ಹಾಗೆ ಮಾಡಿದ್ದೆ. ಅಷ್ಟು ನುಣುಪಾದರೆ ರಂಧ್ರ ಮುಚ್ಚಿಹೋಗಿ ಮರ ಕುಡಿಯಲ್ಲ. 60ರಲ್ಲಿ ಶುರು ಮಾಡಿ 80ಕ್ಕೆ ನಿಲ್ಲಿಸಿ. ಎಳೆಯ ಉದ್ದಕ್ಕೇ ಉಜ್ಜಬೇಕು, ಅಡ್ಡ ಉಜ್ಜಿದರೆ ಗೀರುಗಳೆಲ್ಲ ಸ್ಟೇನ್ ಕುಡಿದು ಎದ್ದು ಕಾಣುತ್ತವೆ. ಪುಡಿಯನ್ನು ಪೊರಕೆಯಿಂದ ಗುಡಿಸಿ, ಒಣ ಬಟ್ಟೆಯಲ್ಲಿ ಒರೆಸಿ. ತೇಗದ ಮರದಲ್ಲಿ ಅದರದೇ ಎಣ್ಣೆ ಇರುತ್ತೆ. ಹಚ್ಚುವ ಮೊದಲು ಟರ್ಪೆಂಟೈನ್ ಬಟ್ಟೆಯಲ್ಲಿ ಒಂದು ಸಲ ಒರೆಸಿಕೊಳ್ಳಿ.

ಮೂರನೆಯದು, ನೀರಿನ ಪರೀಕ್ಷೆ. ಹಲಗೆ ಮೇಲೆ ಅಲ್ಲಲ್ಲಿ ನಾಲ್ಕು ಹನಿ ನೀರು ಹಾಕಿ. ಒಂದು ನಿಮಿಷದೊಳಗೆ ಹೀರಿಕೊಂಡರೆ ಮರ ಎಣ್ಣೆಗೆ ತಯಾರು. ಮುತ್ತಿನ ಹಾಗೆ ನಿಂತರೆ ಇನ್ನೂ ಹಳೇ ಬಣ್ಣವೋ ಜಿಡ್ಡೋ ಇದೆ ಅಂತ ಅರ್ಥ. ಹೀರಿದ ನೀರು ಆರಲು ಒಂದು ದಿನ ಬಿಡಿ.

ಹಲಗೆ ಕೂರಿಸುವಾಗ ನಡುವೆ ದಪ್ಪ ಮೊಳೆಯಷ್ಟು ಸಂದು ಬಿಡಬೇಕು. ನೀರು ಕೆಳಗೆ ಇಳಿಯಲಿ, ಗಾಳಿ ಆಡಲಿ. ಮೊಳೆಗೆ ಬದಲು ಸತು ಲೇಪದ ಸ್ಕ್ರೂ ಹಾಕಿ. ಬರೀ ಕಬ್ಬಿಣದ ಮೊಳೆ ತುಕ್ಕು ಹಿಡಿದು ಮರದ ಮೇಲೆ ಕಪ್ಪು ಗೆರೆ ಎಳೆಯುತ್ತೆ.

ಎಷ್ಟು ತೆಳು ಮಾಡಬೇಕು

ಎರಡನೇ ಸಲ ನಾನು ಜಗಲಿಗೆ ನೇರ ಕೈಹಾಕಲಿಲ್ಲ. ಉಳಿದ ಹಲಸಿನ ತುಂಡೊಂದನ್ನು ಮೂರು ಪಟ್ಟಿ ಮಾಡಿಕೊಂಡೆ. ಒಂದಕ್ಕೆ ಬರೀ ಎಣ್ಣೆಬಣ್ಣ. ಎರಡನೆಯದಕ್ಕೆ ಎಣ್ಣೆ 1 ಪಾಲು, ಟರ್ಪೆಂಟೈನ್ 1 ಪಾಲು. ಮೂರನೆಯದಕ್ಕೆ ಎಣ್ಣೆ 1, ಟರ್ಪೆಂಟೈನ್ 3. ಮೂರಕ್ಕೂ ಹಚ್ಚಿ ಕಾಲು ಗಂಟೆ ಬಿಟ್ಟು ಒರೆಸಿದೆ. ವಾರದ ಮೇಲೆ ನಮ್ಮ ಆಚಾರ್ರ ಕೈಲಿ ಅಡ್ಡಕ್ಕೆ ಕೊಯ್ಸಿ ನೋಡಿದೆವು.

ಬರೀ ಎಣ್ಣೆಯದು ಮೇಲ್ಮೈಯಲ್ಲೇ ಗೆರೆಯ ಹಾಗೆ ನಿಂತಿತ್ತು. ಸಮಪಾಲಿನದು ಉಗುರಿನ ದಪ್ಪ ಇಳಿದಿತ್ತು, ಬಣ್ಣವೂ ಒಪ್ಪವಾಗಿತ್ತು. ಮೂರು ಪಾಲಿನದು ಇಳಿದಿತ್ತು, ಆದರೆ ಬಣ್ಣ ಪೇಲವ. ಬೆರಳಿನಲ್ಲಿ ಉಜ್ಜಿದರೆ ಕೆಂಪು ಪುಡಿ ಕೈಗೆ ಬಂತು. ಆಚಾರ್ರು, 'ಯಜಮಾನ್ರೇ, ಪುಡಿನ ಹಿಡ್ಕೊಳ್ಳೋಕೆ ಎಣ್ಣೆನೇ ಇಲ್ವಲ್ಲ' ಅಂದರು. ಲೆಕ್ಕ ಅಷ್ಟೇ. ಟರ್ಪೆಂಟೈನ್ ಎಣ್ಣೆಯನ್ನು ಒಳಕ್ಕೆ ಹೊತ್ತುಕೊಂಡು ಹೋಗುವ ಕೂಲಿಯಾಳು. ಇಳಿಸಿ ತಾನು ಹಾರಿಹೋಗುತ್ತೆ. ಕೂಲಿಯಾಳು ಜಾಸ್ತಿ, ಹೊರೆ ಕಡಿಮೆ ಆದರೆ ಪ್ರಯೋಜನವಿಲ್ಲ.

ನಾನು ಬಳಸಿದ ಪ್ರಮಾಣ ಹೀಗಿದೆ:

ಮೊದಲ ಕೈ: ಡಬಲ್ ಬಾಯಿಲ್ಡ್ ಅಗಸೆ ಎಣ್ಣೆ 1 ಪಾಲು, ಟರ್ಪೆಂಟೈನ್ 1 ಪಾಲು.
ಎರಡನೇ ಕೈ: ಎಣ್ಣೆ 2 ಪಾಲು, ಟರ್ಪೆಂಟೈನ್ 1 ಪಾಲು.
ಬಣ್ಣ: ಲೀಟರ್ ಎಣ್ಣೆಗೆ 50 ಗ್ರಾಂ ರೆಡ್ ಆಕ್ಸೈಡ್ ಪುಡಿ.

ರೆಡ್ ಆಕ್ಸೈಡ್ ಕೊಳ್ಳುವಾಗ ಶುದ್ಧ ಪುಡಿಯನ್ನೇ ಕೇಳಿ. ನೆಲಕ್ಕೆ ಹಾಕುವ ಕೆಲವು ಬಣ್ಣದಲ್ಲಿ ಸಿಮೆಂಟ್ ಬೆರೆತಿರುತ್ತೆ, ಅದು ನಡೆಯಲ್ಲ. ಜಾಜನ್ನೂ ಬಳಸಬಹುದು, ಕುಟ್ಟಿ ವಸ್ತ್ರಗಾಳಿತ ಮಾಡಿಕೊಳ್ಳಬೇಕು. ಪುಡಿಯನ್ನು ನೇರ ಡಬ್ಬಿಗೆ ಸುರಿಯಬೇಡಿ, ಗಂಟು ಕಟ್ಟುತ್ತೆ. ರಾಗಿ ಅಂಬಲಿಗೆ ಹಿಟ್ಟು ಕದಡಿಕೊಳ್ಳುವ ಹಾಗೆ ಮೊದಲು ಸ್ವಲ್ಪ ಎಣ್ಣೆಯಲ್ಲಿ ಕಲಸಿ, ಆಮೇಲೆ ಉಳಿದದ್ದು ಬೆರೆಸಿ.

ಅಂಗಡಿಯ ಸಿದ್ಧ ಸ್ಟೇನ್ ತಂದರೆ ಡಬ್ಬಿ ಮೇಲೆ ಬರೆದದ್ದೇ ಕಟ್ಟಳೆ. ತೆಳು ಮಾಡಬೇಡಿ ಅಂತ ಇದ್ದರೆ ಮಾಡಲೇಬೇಡಿ. ಅದನ್ನು ಹದ ಮಾಡಿಯೇ ತುಂಬಿರುತ್ತಾರೆ. ಇಂಗ್ಲಿಷ್ ಬಾರದಿದ್ದರೆ ಮಕ್ಕಳ ಕೈಲಿ ಓದಿಸಿ. ನಾನು ಆ ಡಬ್ಬಿಯನ್ನು ಆಮೇಲೆ ಮೊಮ್ಮಗಳ ಕೈಲಿ ಓದಿಸಿದೆ. 'ಹೆಚ್ಚಾದದ್ದನ್ನು 15 ನಿಮಿಷದಲ್ಲಿ ಒರೆಸಿ' ಅಂತ ಸ್ಪಷ್ಟವಾಗಿ ಬರೆದಿತ್ತು.

ಯಾವುದಕ್ಕೆ ಯಾವುದು ಬೆರೆಸಬೇಕು ಅನ್ನೋದೂ ಮುಖ್ಯ. ಎಣ್ಣೆ ಸ್ಟೇನಿಗೆ ಟರ್ಪೆಂಟೈನ್. ನೀರಿನ ಸ್ಟೇನಿಗೆ ನೀರು ಮಾತ್ರ. ಎನ್.ಸಿ. ಥಿನ್ನರ್ ಅನ್ನೋದು ಲ್ಯಾಕರ್ ಕೆಲಸಕ್ಕೆ, ಇದಕ್ಕಲ್ಲ. ಸೀಮೆಎಣ್ಣೆ ನಿಧಾನ ಆರುತ್ತೆ, ಜಿಡ್ಡು ಉಳಿಸುತ್ತೆ. ಅಗ್ಗ ಅಂತ ಹಾಕಿ ನಾನು ಕೆಟ್ಟೆ.

ಒಂದು ಜಗಲಿಗೆ ಬೇಕಾದಷ್ಟನ್ನು ಒಂದೇ ಬಕೆಟ್ಟಿನಲ್ಲಿ ಕಲಸಿಟ್ಟುಕೊಳ್ಳಿ. ಎರಡು ಸಲ ಕಲಸಿದರೆ ಎರಡು ಬಣ್ಣ ಬರುತ್ತೆ. ಪುಡಿ ತಳಕ್ಕೆ ಕೂರುವುದರಿಂದ ಐದು ಹತ್ತು ನಿಮಿಷಕ್ಕೊಮ್ಮೆ ಕಡ್ಡಿಯಲ್ಲಿ ತಳ ಕೆದಕಿ ಕಲಕುತ್ತಿರಬೇಕು.

ಹಚ್ಚುವ ಕ್ರಮ

ಕಾಲ: ನಮ್ಮ ಕಡೆ ಸಂಕ್ರಾಂತಿಯಿಂದ ಶಿವರಾತ್ರಿವರೆಗೆ ಒಳ್ಳೇ ಕಾಲ. ಮಳೆ ಇಲ್ಲ, ಬಿಸಿಲು ಹದ. ಬೆಳಗ್ಗೆ ಇಬ್ಬನಿ ಆರಿದ ಮೇಲೆ ಶುರು ಮಾಡಿ. ಸುಡುವ ಹಲಗೆಗೆ ಹಚ್ಚಿದರೆ ಒಳಗಿಳಿಯುವ ಮೊದಲೇ ಮೇಲೆ ಕೆನೆ ಕಟ್ಟುತ್ತೆ. ಎರಡು ದಿನ ಮಳೆ ಬರುವ ಲಕ್ಷಣ ಇರಬಾರದು.

ತಳಭಾಗ: ಹಲಗೆ ಕೂರಿಸುವ ಮೊದಲೇ ತಳಕ್ಕೂ ಅಂಚಿಗೂ ಮೊದಲ ಕೈ ಹಚ್ಚಬೇಕು. ಕೂರಿಸಿದ ಮೇಲೆ ಅಲ್ಲಿಗೆ ಕೈ ಹೋಗಲ್ಲ. ಮೇಲಿಗೆ ಮಾತ್ರ ಹಚ್ಚಿದ ಹಲಗೆ ಕೆಳಗಿನಿಂದ ತೇವ ಹೀರಿ ದೋಣಿಯ ಹಾಗೆ ಬಾಗುತ್ತೆ.

ಕೊಯ್ದ ತುದಿ: ಮರದ ರಂಧ್ರಗಳು ಕೊಳವೆಯ ಹಾಗೆ ಉದ್ದಕ್ಕೆ ಇರುತ್ತವೆ, ತುದಿಯಲ್ಲಿ ಬಾಯಿ ತೆರೆದಿರುತ್ತವೆ. ನೀರು ಹೆಚ್ಚು ನುಗ್ಗುವುದು ಅಲ್ಲೇ, ಕೊಳೆ ಶುರುವಾಗುವುದೂ ಅಲ್ಲೇ. ತುದಿಗೆ ಎರಡು ಮೂರು ಸಲ, ಕುಡಿಯುವುದು ನಿಲ್ಲುವ ತನಕ ಹಚ್ಚಿ.

ಹಚ್ಚುವುದು: ಎರಡು ಮೂರು ಹಲಗೆಯನ್ನು ಈ ತುದಿಯಿಂದ ಆ ತುದಿಗೆ ಪೂರ್ತಿ ಮುಗಿಸಿ ಮುಂದಕ್ಕೆ ಹೋಗಿ. ಜಗಲಿಯ ಮಧ್ಯದಲ್ಲಿ ನಿಲ್ಲಿಸಿ ಟೀ ಕುಡಿಯಲು ಹೋದರೆ, ಆರಿದ ಅಂಚಿನ ಮೇಲೆ ಮತ್ತೆ ಹಚ್ಚಿದ ಕಡೆ ಕಪ್ಪು ಪಟ್ಟೆ ಬೀಳುತ್ತೆ. ಬಾಗಿಲ ಕಡೆಯಿಂದ ಹೊರಕ್ಕೆ ಬರಬೇಕಾ, ಹೊರಗಿನಿಂದ ಬಾಗಿಲಿಗೆ ಹೋಗಬೇಕಾ ಅಂತ ಮೊದಲೇ ಯೋಚನೆ ಮಾಡಿ.

ಒರೆಸುವುದು: 10ರಿಂದ 15 ನಿಮಿಷ ಬಿಟ್ಟು ನೋಡಿ. ಅಲ್ಲಲ್ಲಿ ಮಂಕಾಗಿ ಒಣಗಿದ ಹಾಗೆ ಕಂಡರೆ ಆ ಜಾಗ ಇನ್ನೂ ಕುಡಿಯುತ್ತೆ, ಸ್ವಲ್ಪ ಹಚ್ಚಿ. ಹೊಳೆಯುವ ಜಾಗದಲ್ಲಿ ಸಾಕಾಗಿದೆ. ಆಮೇಲೆ ಹತ್ತಿ ಬಟ್ಟೆಯಲ್ಲಿ ಎಲ್ಲವನ್ನೂ ಒರೆಸಿ ತೆಗೆಯಿರಿ. ಒರೆಸಿದ ಮೇಲೆ ಹಲಗೆ ಮೇಲೆ ಅಂಗೈ ಇಟ್ಟರೆ ಜಿಡ್ಡು ಕಾಣಬಾರದು. ಕೈಗೆ ಪಸೆ ಹತ್ತಿದರೆ ಇನ್ನೂ ಒರೆಸಬೇಕು. ದುಡ್ಡು ಕೊಟ್ಟು ತಂದದ್ದನ್ನು ಒರೆಸಿ ಬಿಸಾಕುವುದಕ್ಕೆ ಹೊಟ್ಟೆ ಉರಿಯುತ್ತೆ, ನಿಜ. ಆದರೆ ಒರೆಸದೆ ಬಿಟ್ಟದ್ದೇ ನಮ್ಮವ್ವನ ಕಾಲ ಕೆಳಗೆ ಜಾರಿದ್ದು.

ಎರಡನೇ ಕೈ: ಮೂರು ದಿನ ಬಿಟ್ಟು. ಈ ಸಲ ಕಡಿಮೆ ಕುಡಿಯುತ್ತೆ, ಬೇಗ ಒರೆಸಿ. ಮೂರನೇ ಕೈ ಬೇಡ. ಓಡಾಡಲು ಒಂದು ವಾರ, ಮಂಚ, ಮೂಟೆ ಇಡಲು ಮೂರು ನಾಲ್ಕು ವಾರ ಬಿಡಿ.

ಹಲಸು, ಮತ್ತಿಗೂ ಪೈನಿಗೂ ಒಂದೇ ಬಕೆಟ್ಟಿನದು ಹಚ್ಚಿದರೂ ಬಣ್ಣ ಒಂದೇ ಬರಲಿಲ್ಲ. ಹಲಸು ಸಮನಾಗಿ ಕುಡಿಯಿತು. ಪೈನ್ ಅಲ್ಲಲ್ಲಿ ಜಾಸ್ತಿ ಕುಡಿದು ತೇಪೆ ಹಾಕಿದ ಹಾಗೆ ಕಾಣುತ್ತೆ. ಅದು ಆ ಮರದ ಗುಣ. ಹಲಗೆ ಆರಿಸುವಾಗಲೇ ಒಂದೇ ಜಾತಿ ನೋಡಿಕೊಂಡರೆ ಒಳ್ಳೆಯದು.

96 ಚದರಡಿ ಜಗಲಿಗೆ ತಳ, ಮೇಲು ಸೇರಿ ನನಗೆ ಹಿಡಿದದ್ದು ಎಣ್ಣೆ 2 ಲೀಟರಿಗೆ ಸ್ವಲ್ಪ ಕಡಿಮೆ, ಟರ್ಪೆಂಟೈನ್ ಒಂದೂವರೆ ಲೀಟರಿಗೆ ಸ್ವಲ್ಪ ಜಾಸ್ತಿ, ರೆಡ್ ಆಕ್ಸೈಡ್ 100 ಗ್ರಾಂ ಒಳಗೆ. ದರ ಅಂಗಡಿಯಿಂದ ಅಂಗಡಿಗೆ ಬೇರೆ, ನೀವೇ ಲೆಕ್ಕ ಹಾಕಿಕೊಳ್ಳಿ.

ಒರೆಸಿದ ಬಟ್ಟೆ: ಇದನ್ನು ಮರೆಯಬೇಡಿ

ಇಡೀ ಲೇಖನದಲ್ಲಿ ಇದೊಂದನ್ನು ನೆನಪಿಟ್ಟುಕೊಂಡರೂ ಸಾಕು. ಮೊದಲ ಕೈ ಮುಗಿಸಿದ ಸಂಜೆ ಒರೆಸಿದ ಬಟ್ಟೆಗಳನ್ನೆಲ್ಲ ಉಂಡೆ ಮಾಡಿ ಗೋಣಿಚೀಲಕ್ಕೆ ತುರುಕಿ ಕೊಟ್ಟಿಗೆ ಮೂಲೆಗೆ ಎಸೆದಿದ್ದೆ. ಪಕ್ಕದಲ್ಲೇ ರಾಗಿ ಹುಲ್ಲಿನ ಮೆದೆ. ರಾತ್ರಿ ಊಟಕ್ಕೆ ಕೂತಿದ್ದೆವು. ಸುಟ್ಟ ಎಣ್ಣೆ ವಾಸನೆ ಅಂತ ಮೊದಲು ಹೇಳಿದ್ದು ಅವ್ವ. ಒಲೆ ನೋಡಿದೆವು, ಏನಿಲ್ಲ. ಕೊಟ್ಟಿಗೆಗೆ ಹೋದರೆ ಚೀಲದಿಂದ ಹೊಗೆ. ಕೈಯಿಟ್ಟರೆ ಕಾದ ಹಂಚು. ಮಗ ಕೋಲಿನಿಂದ ಎಳೆದು ಅಂಗಳಕ್ಕೆ ಹಾಕಿದ, ಬಿಚ್ಚಿಕೊಂಡ ತಕ್ಷಣ ಭಗ್ಗನೆ ಹತ್ತಿಕೊಂಡಿತು. ಇನ್ನರ್ಧ ಗಂಟೆ ತಡವಾಗಿದ್ದರೆ ಮೆದೆ, ಕೊಟ್ಟಿಗೆ, ಎರಡು ಹಸು ಉಳಿಯುತ್ತಿರಲಿಲ್ಲ. ಯಾರೂ ಬೀಡಿ ಸೇದಿರಲಿಲ್ಲ, ಕಡ್ಡಿ ಗೀರಿರಲಿಲ್ಲ.

ಕಾರಣ ಹೀಗೆ. ಅಗಸೆ ಎಣ್ಣೆ ಗಾಳಿ ಹೀರಿ ಗಟ್ಟಿಯಾಗುವಾಗ ಶಾಖ ಬಿಡುತ್ತೆ. ಹಲಗೆ ಮೇಲೆ ಆ ಶಾಖ ಹಾರಿಹೋಗುತ್ತೆ. ಉಂಡೆ ಮಾಡಿದ ಬಟ್ಟೆಯೊಳಗೆ ಶಾಖಕ್ಕೆ ದಾರಿ ಇಲ್ಲ. ಹಸಿ ಹುಲ್ಲು ಮೆದೆ ಹಾಕಿದರೆ ಒಳಗೆ ಕಾಯುವುದನ್ನು ನಾವೆಲ್ಲ ಕಂಡಿದ್ದೇವೆ. ಇಲ್ಲಿ ಕೆಲವೇ ಗಂಟೆಯಲ್ಲಿ ತಾನಾಗಿ ಬೆಂಕಿ ಹತ್ತುತ್ತೆ.

ಆದ್ದರಿಂದ ಒರೆಸಿದ ಬಟ್ಟೆಯನ್ನು ಕೂಡಲೇ ನೀರು ತುಂಬಿದ ತಗಡಿನ ಡಬ್ಬಿಯಲ್ಲಿ ಮುಳುಗಿಸಿ ಮುಚ್ಚಿ. ಇಲ್ಲವೇ ಬಯಲಲ್ಲಿ, ಮನೆ ಮತ್ತು ಹುಲ್ಲಿನಿಂದ ದೂರ, ಒಂದೊಂದನ್ನೇ ಬಿಡಿಸಿ ತಂತಿಗೆ ಹರಡಿ. ಪೂರ್ತಿ ಗರಿಗರಿ ಒಣಗಿದ ಮೇಲೆ ಬಿಸಾಡಬಹುದು. ಗುಪ್ಪೆ ಹಾಕಲೇಬಾರದು. ಎಣ್ಣೆ ಬಿದ್ದ ಮರದ ಪುಡಿಗೂ ಇದೇ ನಿಯಮ. ಟರ್ಪೆಂಟೈನ್ ಆವಿಗೂ ಬೆಂಕಿ ಬೇಗ ಹತ್ತುತ್ತೆ, ಕೆಲಸದ ಹತ್ತಿರ ಬೀಡಿ, ದೀಪ ಬೇಡ.

ಸ್ಟೇನಿನಿಂದ ಆಗದ ಕೆಲಸ

ಸ್ಟೇನ್ ಹಚ್ಚಿದರೆ ಗೆದ್ದಲು ಬರಲ್ಲ ಅನ್ನೋದು ತಪ್ಪು ತಿಳುವಳಿಕೆ. ಅದು ಬಿಸಿಲು, ನೀರಿಗೆ ಅಡ್ಡಿ, ಅಷ್ಟೇ. ಗೆದ್ದಲಿಗೆ ಮೊದಲ ಮದ್ದು ಮಣ್ಣಿನ ಸಂಪರ್ಕ ತಪ್ಪಿಸುವುದು. ನಮ್ಮ ಜಗಲಿಯ ಕಾಲುಗಳನ್ನು ಕಲ್ಲಿನ ಮೇಲೆ ನಿಲ್ಲಿಸಿದ್ದೇವೆ, ಮಣ್ಣಿಗೆ ತಾಗಿಲ್ಲ. ಎರಡನೆಯದು ಚೇಗು ಬಳಸುವುದು. ಹೊರಗಿನ ಬಿಳಿ ಭಾಗ ಯಾವ ಮರದ್ದಾದರೂ ಹುಳುವಿಗೆ ಊಟ.

ಮರಕ್ಕೆ ಒತ್ತಡದಲ್ಲಿ ಔಷಧಿ ತುಂಬುವ ಪದ್ಧತಿಯೂ ಇದೆ. ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಸೇರಿದ ಔಷಧಿಯನ್ನು 1933ರಲ್ಲಿ ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿ ಸೊಂಟಿ ಕಾಮೇಶಂ ಎಂಬ ನಮ್ಮ ದೇಶದವರೇ ಕಂಡುಹಿಡಿದರು. ಅದು ಜಗತ್ತೆಲ್ಲ ಹಬ್ಬಿತು. ಅಮೆರಿಕದ ಮನೆಗಳ ಡೆಕ್ಕುಗಳನ್ನು ಬಹಳ ವರ್ಷ ಇಂಥ ಮರದಲ್ಲೇ ಕಟ್ಟುತ್ತಿದ್ದರು. ಆರ್ಸೆನಿಕ್ ವಿಷದ ಭಯಕ್ಕೆ 2003ರ ಕೊನೆಗೆ ಅಲ್ಲಿ ಮನೆ ಬಳಕೆಯ ಮರಕ್ಕೆ ಅದನ್ನು ಹಾಕುವುದು ನಿಂತಿತು. ಹಸಿರು ಛಾಯೆಯ ಹಳೇ ಕಂಬ, ಹಲಗೆ ಸಿಕ್ಕರೆ ಒಲೆಗೆ ಹಾಕಬೇಡಿ, ಹೊಗೆ, ಬೂದಿ ಎರಡೂ ವಿಷ.

ಪ್ಯಾಕಿಂಗ್ ಪೆಟ್ಟಿಗೆ ಹಲಗೆ ಕೊಳ್ಳುವವರು ಅದರ ಮೇಲಿನ ಮುದ್ರೆ ನೋಡಿ. ಎಚ್.ಟಿ. ಅಂತ ಇದ್ದರೆ ಮರದ ತಿರುಳನ್ನು 56 ಡಿಗ್ರಿಗೆ 30 ನಿಮಿಷ ಕಾಯಿಸಿ ಹುಳು ಕೊಂದದ್ದು. ಎಂ.ಬಿ. ಅಂತ ಇದ್ದರೆ ಮೀಥೈಲ್ ಬ್ರೋಮೈಡ್ ಅನಿಲ ಬಿಟ್ಟದ್ದು, ಅದನ್ನು ಮನೆ ಕೆಲಸಕ್ಕೆ ತರಬೇಡಿ. ಕಾಯಿಸಿದ ಮರಕ್ಕೂ ಮುಂದೆ ಗೆದ್ದಲು ಬರಬಾರದು ಅಂತೇನಿಲ್ಲ.

ಬೆಂಗಳೂರು ಸುತ್ತಿನವರಿಗೆ ಒಂದು ಅನುಕೂಲವಿದೆ. ಮಲ್ಲೇಶ್ವರದ 18ನೇ ಅಡ್ಡರಸ್ತೆಯಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಇದೆ. 1938ರಲ್ಲಿ ಅರಣ್ಯ ಸಂಶೋಧನಾ ಪ್ರಯೋಗಾಲಯವಾಗಿ ಶುರುವಾಗಿ 1988ರಲ್ಲಿ ಸಂಸ್ಥೆಯಾದದ್ದು. ಮರದ ಬಾಳಿಕೆ, ಸಂರಕ್ಷಣೆ ಅವರ ಕೆಲಸವೇ.

ವರ್ಷದ ಆರೈಕೆ

ಪ್ರತಿ ವರ್ಷ ಸಂಕ್ರಾಂತಿ ಕಳೆದ ಮೇಲೆ ನೀರು ಹನಿಸಿ ನೋಡುತ್ತೇನೆ. ಮುತ್ತಾಗಿ ನಿಂತರೆ ಸುಮ್ಮನಿರುತ್ತೇನೆ. ಹೀರಿಕೊಂಡರೆ ಸೋಪಿನ ನೀರಿನಲ್ಲಿ ತಿಕ್ಕಿ ತೊಳೆದು, ನಾಲ್ಕು ದಿನ ಒಣಗಿಸಿ, ಸಮಪಾಲಿನ ಒಂದು ಕೈ ಹಚ್ಚಿ ಒರೆಸುತ್ತೇನೆ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಕಡ್ಡಿ ಪೊರಕೆಯಿಂದ ಗುಡಿಸಬೇಕು. ಎಲೆ, ಕಸ ನಿಂತರೆ ಪಾಚಿ ಹಿಡಿದು ಎಂಥ ಹಲಗೆಯೂ ಜಾರುತ್ತೆ. ಅಗಸೆ ಎಣ್ಣೆಗೆ ಬೂಷ್ಟು ಬರುವುದೂ ಉಂಟು. ಕಪ್ಪು ಚುಕ್ಕೆ ಕಂಡ ಕೂಡಲೇ ತೊಳೆಯಿರಿ.

ಇದೇ ಮಿಶ್ರಣವನ್ನು ಬಣ್ಣದ ಪುಡಿ ಹಾಕದೆ ಕೂರಿಗೆ, ಕುಂಟೆ, ನೇಗಿಲು, ಗುದ್ದಲಿ ಕಾವಿಗೆ ವರ್ಷಕ್ಕೊಂದು ಸಲ ಹಚ್ಚಿ ಒರೆಸಿಡುತ್ತೇನೆ. ಬಿರುಕು ಕಡಿಮೆಯಾಗಿದೆ. ಕಾಳು ತುಂಬುವ ಪೆಟ್ಟಿಗೆ, ಹಿಟ್ಟಿನ ಮರಿಗೆಯ ಒಳಭಾಗಕ್ಕೆ ಮಾತ್ರ ಹಚ್ಚಬಾರದು.

ಕೆಟ್ಟರೆ ಏನು ಮಾಡಬೇಕು

ಅಂಟು ನಿಂತರೆ: ಟರ್ಪೆಂಟೈನ್ ಬಟ್ಟೆಯಲ್ಲಿ ಉಜ್ಜಿ ಕೂಡಲೇ ಒಣ ಬಟ್ಟೆಯಲ್ಲಿ ಒರೆಸಿ. ಮತ್ತೆ ಹಚ್ಚಬೇಡಿ.
ಪಟ್ಟೆ ಬಿದ್ದರೆ: ಆ ಹಲಗೆಗಳನ್ನು ಪೂರ್ತಿ ಉಜ್ಜಿ, ಉದ್ದಕ್ಕೆ ಒಂದೇ ಸಲಕ್ಕೆ ಹಚ್ಚಿ.
ಪುಡಿ ಕೈಗೆ ಬಂದರೆ: ತೀರಾ ತೆಳುವಾಗಿದೆ. ಗುಡಿಸಿ, 2ಕ್ಕೆ 1ರ ಪ್ರಮಾಣದಲ್ಲಿ ಒಂದು ಕೈ ಕೊಡಿ.
ಕುಡಿಯದಿದ್ದರೆ: ಮರ ಹಸಿ, ಇಲ್ಲವೇ ತೀರಾ ನುಣುಪು, ಇಲ್ಲವೇ ಹಳೇ ಬಣ್ಣ ಇದೆ. ಕಾರಣ ತಿಳಿಯದೆ ಮುಂದುವರಿಯಬೇಡಿ.

2023ರ ಜನವರಿಯಲ್ಲಿ ಮಾಡಿದ ಈ ಕೆಲಸ ಆ ವರ್ಷದ ಬರದ ಬಿಸಿಲನ್ನೂ 2024ರ ಅಕ್ಟೋಬರ್ ಮಳೆಯನ್ನೂ ಕಂಡಿದೆ. ಒಂದು ಸಲ ಮಾತ್ರ ಮರು ಕೈ ಹಚ್ಚಿದ್ದೇನೆ. ಹಲಸಿನ ಹಲಗೆ ಜೇನಿನ ಬಣ್ಣದಿಂದ ಕಂದಿಗೆ ತಿರುಗಿದೆ, ಎಲ್ಲೂ ಎದ್ದಿಲ್ಲ. ಅವ್ವ ಬಹಳ ದಿನ ಆ ಕಡೆ ಕಾಲಿಡಲಿಲ್ಲ, ಬಾಗಿಲಲ್ಲೇ ಕೂರುತ್ತಿದ್ದಳು. ಕಳೆದ ಅವರೆ ಕಾಲದಲ್ಲಿ ಒಂದು ದಿನ ನಾನು ಹೊಲದಿಂದ ಬರುವಾಗ ಜಗಲಿ ಮೇಲೆ ಮೊರ ಇಟ್ಟುಕೊಂಡು ಕೂತಿದ್ದಳು. ನಾನೂ ಏನೂ ಕೇಳಲಿಲ್ಲ, ಕೈಕಾಲು ತೊಳೆದು ಜೊತೆಗೆ ಕಾಯಿ ಸುಲಿಯಲು ಕೂತೆ.

ಹುಚ್ಚೆಳ್ಳೆಣ್ಣೆಯನ್ನು ಬೇಗ ಒಣಗಿಸಿ ಮರಕ್ಕೆ ಬಳಸಿದವರು ಯಾರಾದರೂ ಇದ್ದರೆ ಪತ್ರಿಕೆಗೆ ಬರೆಯಿರಿ. ನಮ್ಮ ಹೊಲದಲ್ಲಿ ಬೆಳೆದ ಎಣ್ಣೆ ನಮ್ಮ ಜಗಲಿಗೆ ಆಗುವುದಾದರೆ ಅಂಗಡಿಗೆ ಯಾಕೆ ಹೋಗಬೇಕು?